ಒಂದೇ ಮನೆ, ಮೂರು ಗಣತಿ: ಚಿಕಾನೊ–ಲ್ಯಾಟಿನೊ ಅಧ್ಯಯನವನ್ನು ಓದುವುದು ಹೇಗೆ

ಅಮೆರಿಕದ 1930ರ ಜನಗಣತಿ ಹಾಳೆಯಲ್ಲಿ ‘ಬಣ್ಣ ಅಥವಾ ಜನಾಂಗ’ ಎಂಬ ಕಾಲಂ ಇದೆ. ಲಾಸ್ ಏಂಜಲೀಸ್ ನಗರದ ಪೂರ್ವ ಭಾಗದ ಬೀದಿಗಳ ಹಾಳೆ ತೆರೆದರೆ, ಗಣತಿದಾರರು ಆ ಕಾಲಂನಲ್ಲಿ ‘ಮೆಕ್ಸ್’, ‘ಮೆಕ್ಸ್’ (ಅಂದರೆ ಮೆಕ್ಸಿಕನ್) ಎಂದು ಸಾಲುಸಾಲಾಗಿ ಬರೆದುಕೊಂಡು ಹೋಗಿರುವುದು ಕಾಣುತ್ತದೆ. ಈಗ 1940ರ ಹಾಳೆ ತೆರೆಯಿರಿ. ಅದೇ ಮನೆ, ಅದೇ ಗಂಡ ಹೆಂಡತಿ, ಅವೇ ಮಕ್ಕಳು. ಕಾಲಂನಲ್ಲಿ ಮಾತ್ರ ‘ಡಬ್ಲ್ಯು’, ಅಂದರೆ ಬಿಳಿಯರು. ಆ ಮಕ್ಕಳು ಅಜ್ಜ ಅಜ್ಜಿಯರಾಗುವ ಹೊತ್ತಿಗೆ, 1980ರಲ್ಲಿ, ಜನಾಂಗದ ಪ್ರಶ್ನೆಯ ಜೊತೆಗೆ ‘ಹಿಸ್ಪ್ಯಾನಿಕ್ ಮೂಲದವರೇ?’ ಎಂಬ ಇನ್ನೊಂದು ಪ್ರಶ್ನೆ ಮನೆಮನೆಗೂ ಬಂತು. ಐವತ್ತು ವರ್ಷ, ಒಂದೇ ಕುಟುಂಬ, ಮೂರು ಗುರುತು.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಚಿಕಾನೊ ಅಧ್ಯಯನ’, ‘ಲ್ಯಾಟಿನೊ ಅಧ್ಯಯನ’ ಎಂದು ಕರೆಯುವ ವಿಷಯಕ್ಕೆ ಇಂಥ ಕಾಲಂಗಳೇ ಕಚ್ಚಾ ವಸ್ತು. ಹೊರಗಿನವರು ಇದನ್ನು ಹಾಡು, ಹಬ್ಬ, ಟಾಕೊ, ಗೋಡೆಚಿತ್ರಗಳ ಪಾಠ ಎಂದುಕೊಳ್ಳುತ್ತಾರೆ. ಅವೂ ಇವೆ. ಆದರೆ ಬೆನ್ನೆಲುಬು ಬೇರೆ: ಯಾರು ಎಣಿಸಿದರು, ಯಾವ ವರ್ಷ, ಯಾವ ಕಾಗದದಲ್ಲಿ, ಮತ್ತು ಎಣಿಸಿಕೊಂಡವರು ಅದಕ್ಕೆ ತಮ್ಮ ಮಾತಿನಲ್ಲಿ ಏನೆಂದರು. ಈ ನಾಲ್ಕು ಪ್ರಶ್ನೆ ಕೈಯಲ್ಲಿ ಹಿಡಿದು ಓದಿದರೆ ಉಳಿದದ್ದು ದಕ್ಕುತ್ತದೆ. ಇಲ್ಲದಿದ್ದರೆ ಮೊದಲ ತರಗತಿಯಲ್ಲಿ ಕೇಳಿಬರುವ ಹೆಸರುಗಳಲ್ಲೇ ತಲೆ ಸುತ್ತುತ್ತದೆ.

ಹೆಸರಿನ ಗೋಜಲು

ಮೆಕ್ಸಿಕನ್ ಅಮೆರಿಕನ್ ಎಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರು, ಅಲ್ಲಿಗೆ ಮುಗಿಯಿತು. ‘ಚಿಕಾನೊ’ ಕೂಡ ಅವರೇ, ಆದರೆ ಅದರೊಳಗೆ ಒಂದು ನಿಲುವಿದೆ. ಒಂದು ಕಾಲಕ್ಕೆ ಬಡ ಕೂಲಿಗಳನ್ನು ಹೀಗಳೆಯಲು ಸ್ವಂತ ಜನರೇ ಬಳಸುತ್ತಿದ್ದ ಪದವಿದು. 1960ರ ದಶಕದ ಯುವಕರು ಬೈಗುಳವನ್ನೇ ಎತ್ತಿ ಹಣೆಪಟ್ಟಿ ಮಾಡಿಕೊಂಡರು. ಹಾಗಾಗಿ ಮೆಕ್ಸಿಕೊ ಮೂಲದ ಪ್ರತಿಯೊಬ್ಬರೂ ಚಿಕಾನೊ ಅಲ್ಲ. ಇವತ್ತಿಗೂ ಆ ಪದ ಕೇಳಿದರೆ ಮುಖ ಗಂಟಿಕ್ಕುವ ಹಿರಿಯರಿದ್ದಾರೆ.

‘ಹಿಸ್ಪ್ಯಾನಿಕ್’ ಸ್ಪ್ಯಾನಿಷ್ ಭಾಷೆ ಮತ್ತು ಸ್ಪೇನಿನ ನಂಟಿನಿಂದ ಬಂದ ಪದ. ಅದರಲ್ಲಿ ಸ್ಪೇನಿನವರು ಸೇರುತ್ತಾರೆ, ಪೋರ್ಚುಗೀಸ್ ಮಾತಾಡುವ ಬ್ರೆಜಿಲಿನವರು ಹೊರಗುಳಿಯುತ್ತಾರೆ. ‘ಲ್ಯಾಟಿನೊ’ ಲ್ಯಾಟಿನ್ ಅಮೆರಿಕದ ನೆಲದಿಂದ ಹೊರಟ ಪದ. ಅಲ್ಲಿ ಲೆಕ್ಕ ತಿರುಗುಮುರುಗು. ಸರ್ಕಾರಿ ಫಾರಂಗಳು ಎರಡನ್ನೂ ಒಂದೇ ಎಂಬಂತೆ ಓರೆಗೆರೆ ಹಾಕಿ ಜೋಡಿಸಿಬಿಟ್ಟಿವೆ. ಲಿಂಗಭೇದ ಬೇಡವೆಂದು ಬಂದ ‘ಲ್ಯಾಟಿನೆಕ್ಸ್’ ವಿಶ್ವವಿದ್ಯಾಲಯಗಳಲ್ಲಿ ಚೆನ್ನಾಗಿಯೇ ಓಡಾಡುತ್ತದೆ. ಆದರೆ ಪ್ಯೂ ಸಂಶೋಧನಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ತಮ್ಮನ್ನು ಹಾಗೆ ಕರೆದುಕೊಳ್ಳುವವರು ಶೇ 3, 2024ರ ವರದಿಯಲ್ಲಿ ಶೇ 4. ಪ್ರಬಂಧದಲ್ಲಿ ಯಾವ ಪದ ಬಳಸಬೇಕೆಂಬುದಕ್ಕೆ ಸರಳ ದಾರಿ ಇಷ್ಟೇ: ಆ ಜನ, ಆ ವರ್ಷ, ಆ ಊರಿನಲ್ಲಿ ತಮ್ಮನ್ನು ಏನೆಂದುಕೊಂಡರೋ ಅದು. 1910ರ ಟೆಕ್ಸಸ್‌ನ ಕೂಲಿಯನ್ನು ‘ಲ್ಯಾಟಿನೆಕ್ಸ್’ ಎಂದು ಬರೆದರೆ ಅಧ್ಯಾಪಕರ ಕೆಂಪು ಶಾಯಿ ಬೀಳುವುದು ಖಂಡಿತ.

ಫಾರಂನಲ್ಲಿ ಒಂದು ಪದ ಕೆಟ್ಟರೆ ಏನಾಗುತ್ತದೆ ಎನ್ನುವುದಕ್ಕೆ 1970ರ ಗಣತಿ ನೋಡಿ. ಆ ವರ್ಷ ಶೇ 5ರಷ್ಟು ಮನೆಗಳಿಗೆ ಮೊದಲ ಬಾರಿಗೆ ಮೂಲದ ಪ್ರಶ್ನೆ ಹೋಯಿತು. ಆಯ್ಕೆಗಳು ಹೀಗಿದ್ದವು: ಮೆಕ್ಸಿಕನ್, ಪೋರ್ಟೊ ರಿಕನ್, ಕ್ಯೂಬನ್, ‘ಮಧ್ಯ ಅಥವಾ ದಕ್ಷಿಣ ಅಮೆರಿಕನ್’, ಇತರ ಸ್ಪ್ಯಾನಿಷ್, ಯಾವುದೂ ಅಲ್ಲ. ಅಮೆರಿಕದ ಮಧ್ಯಭಾಗದಲ್ಲೋ ದಕ್ಷಿಣದ ರಾಜ್ಯಗಳಲ್ಲೋ ಬದುಕುತ್ತಿದ್ದ, ಸ್ಪ್ಯಾನಿಷಿನ ಗಂಧಗಾಳಿಯೂ ಇಲ್ಲದ ಎಷ್ಟೋ ಜನ ‘ಹೌದಲ್ಲ, ನಾವು ದಕ್ಷಿಣದ ಅಮೆರಿಕನ್ನರೇ’ ಎಂದು ಅದಕ್ಕೆ ಗುರುತು ಹಾಕಿದರು. ಲೆಕ್ಕ ಉಬ್ಬಿತು. 1970ರ ಆ ಅಂಕಿಯನ್ನು 1980ರ ಪಕ್ಕ ಇಟ್ಟು ‘ಬೆಳವಣಿಗೆ ದರ’ ತೆಗೆಯುವವರು ಇಂದಿಗೂ ಸಿಗುತ್ತಾರೆ. ಹಾಗೆ ತೆಗೆದ ಉತ್ತರ ಹೇಳುವುದು ಜನರ ಬಗ್ಗೆಯಲ್ಲ, ಪ್ರಶ್ನೆಯ ವಾಕ್ಯರಚನೆಯ ಬಗ್ಗೆ.

2020ರ ಗಣತಿಯಲ್ಲಿ ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೊ ಎಂದು ದಾಖಲಾದವರು 6.21 ಕೋಟಿ, ದೇಶದ ಜನಸಂಖ್ಯೆಯ ಶೇ 18.7. ಅರ್ಧಕ್ಕಿಂತ ಹೆಚ್ಚು ಮಂದಿ ಮೆಕ್ಸಿಕೊ ಮೂಲದವರು. ಉಳಿದವರನ್ನು ಅದೇ ಚೀಲಕ್ಕೆ ತುಂಬಿದರೆ ತಪ್ಪುಗಳು ಸಾಲುಗಟ್ಟುತ್ತವೆ. ಪೋರ್ಟೊ ರಿಕೊ 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಬಂತು, 1917ರಲ್ಲಿ ಅಲ್ಲಿನವರಿಗೆ ಅಮೆರಿಕದ ಪೌರತ್ವ ಸಿಕ್ಕಿತು; ನ್ಯೂಯಾರ್ಕಿಗೆ ಬಂದ ಪೋರ್ಟೊ ರಿಕನ್ನರನ್ನು ‘ವಲಸೆ ಕಾನೂನಿನ ಬಲಿಪಶು’ ಎಂದು ಬರೆದರೆ ಪ್ರಬಂಧ ಅಲ್ಲೇ ಕುಸಿಯುತ್ತದೆ. ಕ್ಯೂಬಾದಿಂದ 1959ರ ಕ್ರಾಂತಿಯ ನಂತರ ಬಂದವರಿಗೆ 1966ರ ಪ್ರತ್ಯೇಕ ಕಾನೂನು ಗ್ರೀನ್ ಕಾರ್ಡಿನ ಹಾದಿ ತೆರೆಯಿತು. ಎಲ್ ಸಾಲ್ವಡೋರಿನ ಅಂತರ್ಯುದ್ಧದಿಂದ (1980–92) ಓಡಿ ಬಂದವರಿಗೆ ಅಂಥ ಬಾಗಿಲು ಇರಲಿಲ್ಲ. ಅವರ ಆಶ್ರಯದ ಅರ್ಜಿಗಳು ಬಹುಪಾಲು ತಿರಸ್ಕೃತವಾದವು. ಮೆಕ್ಸಿಕೊದ ಓಹಾಕಾ ರಾಜ್ಯದಿಂದ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಬಂದ ಮಿಶ್ಟೆಕ್, ಸಪೊಟೆಕ್ ಮೂಲನಿವಾಸಿ ಜನರಿಗೋ ಸ್ಪ್ಯಾನಿಷ್ ಕೂಡ ಮನೆಮಾತಲ್ಲ. ಕೋರ್ಟಿನಲ್ಲಿ ಅವರಿಗೆ ಸ್ಪ್ಯಾನಿಷ್ ದುಭಾಷಿಯನ್ನು ಕೊಟ್ಟು ಕೈತೊಳೆದುಕೊಳ್ಳುವುದು ಈ ವಿಷಯದ ತರಗತಿಗಳಲ್ಲಿ ಪದೇಪದೇ ಚರ್ಚೆಗೆ ಬರುವ ಅನ್ಯಾಯ.

ಜನ ಕದಲಲಿಲ್ಲ, ಗೆರೆ ಕದಲಿತು

1848ರ ಫೆಬ್ರುವರಿ 2ರಂದು ಸಹಿಯಾದ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದವನ್ನು ಓದದೆ ಯಾವ ವಿಭಾಗವೂ ನಿಮ್ಮನ್ನು ಮುಂದಕ್ಕೆ ಬಿಡುವುದಿಲ್ಲ. ಅಮೆರಿಕದೊಂದಿಗಿನ ಯುದ್ಧದಲ್ಲಿ ಸೋತ ಮೆಕ್ಸಿಕೊ ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ಬಿಟ್ಟುಕೊಟ್ಟಿತು. ಅಮೆರಿಕ ಕೊಟ್ಟದ್ದು 1.5 ಕೋಟಿ ಡಾಲರ್. ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ನ್ಯೂ ಮೆಕ್ಸಿಕೊ, ಅರಿಜೋನಾದ ಬಹುಭಾಗ ಹೀಗೆ ಕೈ ಬದಲಾಯಿತು. ಅಲ್ಲಿ ವಾಸವಿದ್ದ ಮೆಕ್ಸಿಕನ್ನರಿಗೆ 8ನೆಯ ವಿಧಿ ಒಂದು ವರ್ಷದ ಗಡುವು ಕೊಟ್ಟಿತು: ಮೆಕ್ಸಿಕೊ ಪೌರರಾಗಿ ಉಳಿಯಬೇಕಿದ್ದರೆ ಹೇಳಿ, ಸುಮ್ಮನಿದ್ದರೆ ಅಮೆರಿಕನ್ನರು. ಬಹಳಷ್ಟು ಜನ ಸುಮ್ಮನಿದ್ದರು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂಬ ಚಳವಳಿಯ ಮಾತು ಬಂದದ್ದು ಇಲ್ಲಿಂದ. 1956ರ ನಂತರದ ಕಾಸರಗೋಡನ್ನು ಬಲ್ಲ ಓದುಗರಿಗೆ ಇದಕ್ಕೆ ಟಿಪ್ಪಣಿ ಬೇಡ. ಎರಡರ ನಡುವಿನ ವ್ಯತ್ಯಾಸ ಮರೆಯಬಾರದು, ಅಷ್ಟೇ: ಇಲ್ಲಿ ಬದಲಾದದ್ದು ರಾಜ್ಯ, ಅಲ್ಲಿ ದೇಶವೇ.

ಒಪ್ಪಂದದ 10ನೆಯ ವಿಧಿ ಮೆಕ್ಸಿಕೊ ಸರ್ಕಾರ ಕೊಟ್ಟಿದ್ದ ಭೂಮಿಗಳ ಹಕ್ಕನ್ನು ನೇರವಾಗಿ ಮಾನ್ಯ ಮಾಡುತ್ತಿತ್ತು. ಅಮೆರಿಕದ ಸೆನೆಟ್ ಆ ವಿಧಿಯನ್ನೇ ಹೊಡೆದುಹಾಕಿತು. 1851ರಲ್ಲಿ ಕ್ಯಾಲಿಫೋರ್ನಿಯಾಕ್ಕೆಂದು ಮಾಡಿದ ಕಾನೂನು ಮೂವರ ಆಯೋಗ ಕೂರಿಸಿ, ಹಕ್ಕು ಹೇಳುವವರೇ ಅದನ್ನು ಸಾಬೀತು ಮಾಡಬೇಕೆಂದಿತು. ಎರಡು ವರ್ಷದೊಳಗೆ ಬಾರದಿದ್ದರೆ ಜಮೀನು ಸರ್ಕಾರದ್ದು. ಜಮೀನುದಾರರ ಕೈಯಲ್ಲಿದ್ದದ್ದು ‘ದಿಸೆನ್ಯೊ’ ಎಂಬ ಕೈಬರಹದ ನಕ್ಷೆ. ನಮ್ಮ ಹಳೆಯ ಪತ್ರಗಳ ಚೆಕ್ಕುಬಂದಿಯಂತೆ ಒಂದು ಕಡೆ ಹಳ್ಳ, ಒಂದು ಕಡೆ ಗುಡ್ಡ, ಮೂಲೆಯಲ್ಲೊಂದು ಓಕ್ ಮರ. ಅಳತೆ ಮಾಡಿದ್ದು ಇಬ್ಬರು ಕುದುರೆ ಸವಾರರು 50 ವಾರಾ ಉದ್ದದ ಹಗ್ಗ ಹಿಡಿದು. ವಾರಾ ಎಂದರೆ ಸುಮಾರು 33 ಇಂಚು. ಹಗ್ಗ ನೆನೆದರೆ ಜಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಓಕ್ ಮರ ಬೀಳುತ್ತದೆ, ಹಳ್ಳ ಹಾದಿ ಬದಲಿಸುತ್ತದೆ. ದನ ಲೆಕ್ಕವಿಲ್ಲದಷ್ಟು, ನೆಲ ಅದಕ್ಕಿಂತ ಹೆಚ್ಚು ಇದ್ದ ಕಾಲಕ್ಕೆ ಅಷ್ಟು ಸಾಕಾಗಿತ್ತು. ಇಂಚಿನ ಲೆಕ್ಕದ ಇಂಗ್ಲಿಷ್ ಕೋರ್ಟಿನಲ್ಲಿ ಸಾಕಾಗಲಿಲ್ಲ.

ಆಯೋಗದ ಮುಂದೆ ಬಂದ 813 ಅರ್ಜಿಗಳಲ್ಲಿ ಹೆಚ್ಚಿನವು ಕೊನೆಗೆ ಮಾನ್ಯವೇ ಆದವು. ಇದನ್ನು ಓದಿ ‘ಹಾಗಾದರೆ ಅನ್ಯಾಯ ಎಲ್ಲಿ?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ಕೇಳಲೇಬೇಕು. ಹಕ್ಕುಪತ್ರ ಕೈಗೆ ಬರಲು ಹಿಡಿದ ಕಾಲ ಸರಾಸರಿ 17 ವರ್ಷ. ಅಷ್ಟರಲ್ಲಿ ವಕೀಲರ ಶುಲ್ಕಕ್ಕೆ ಜಮೀನೇ ಹೋಗಿತ್ತು, ಸಾಲದ ಬಡ್ಡಿ ಏರಿತ್ತು, ಹೊಲದಲ್ಲಿ ಬೇರೆಯವರು ಗುಡಿಸಲು ಹಾಕಿಕೊಂಡಿದ್ದರು. ತೀರ್ಪು ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ. ತೀರ್ಪಿನ ದಿನಾಂಕವನ್ನೂ ಅಡಮಾನ ಪತ್ರದ ದಿನಾಂಕವನ್ನೂ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ಗಂಡು ಕುದುರೆ, ಹೆಣ್ಣು ಕುದುರೆ

ಸ್ಪ್ಯಾನಿಷ್ ಬೇಕೇ ಬೇಕೆ? ಪರಿಚಯದ ಕೋರ್ಸಿಗೆ ಬೇಡ. ಆಳಕ್ಕೆ ಇಳಿಯಬೇಕೆಂದರೆ ಬೇಕು. ಯಾಕೆಂದು ತಿಳಿಯಲು 1901ರ ಜೂನ್ 12ಕ್ಕೆ, ಟೆಕ್ಸಸ್‌ನ ಕಾರ್ನ್ಸ್ ಕೌಂಟಿಗೆ ಹೋಗಬೇಕು. ಕುದುರೆ ಕಳ್ಳನನ್ನು ಹುಡುಕುತ್ತಿದ್ದ ಶೆರಿಫ್, ಗ್ರೆಗೊರಿಯೊ ಕೊರ್ಟೆಸ್ ಎಂಬ ರೈತನ ಮನೆಗೆ ದುಭಾಷಿಯೊಂದಿಗೆ ಬಂದ. ‘ಇತ್ತೀಚೆಗೆ ಕುದುರೆ ಕೊಟ್ಟು ತಗೊಂಡದ್ದು ಇದೆಯೇ?’ ಎಂಬ ಪ್ರಶ್ನೆಯಲ್ಲಿ ದುಭಾಷಿ ಬಳಸಿದ್ದು ‘ಕಬಾಯೊ’, ಗಂಡು ಕುದುರೆ. ಕೊರ್ಟೆಸ್ ‘ಇಲ್ಲ’ ಎಂದ. ಅವನು ವಿನಿಮಯ ಮಾಡಿದ್ದು ‘ಯೆಗ್ವಾ’, ಹೆಣ್ಣು ಕುದುರೆ. ಸ್ಪ್ಯಾನಿಷಿನಲ್ಲಿ ಎರಡಕ್ಕೂ ಬೇರೆಬೇರೆ ಪದ. ಶೆರಿಫ್‌ಗೆ ಅದು ಸುಳ್ಳೆಂದು ಕೇಳಿಸಿತು. ಬಂಧಿಸುತ್ತೇವೆ ಎಂದಾಗ ‘ನನ್ನನ್ನು ಬಂಧಿಸಲು ನಾನೇನೂ ಮಾಡಿಲ್ಲ’ ಎಂಬರ್ಥದ ಅವನ ಮಾತು ‘ಯಾವ ಬಿಳಿಯನೂ ನನ್ನನ್ನು ಬಂಧಿಸಲಾರ’ ಎಂದು ಅನುವಾದವಾಯಿತು. ಶೆರಿಫ್ ಅವನ ಅಣ್ಣನಿಗೆ ಗುಂಡು ಹಾರಿಸಿದ, ಕೊರ್ಟೆಸ್ ಶೆರಿಫ್‌ನನ್ನು ಕೊಂದ. ಹತ್ತು ದಿನ ನೂರಾರು ಜನ ಅವನ ಬೆನ್ನು ಹತ್ತಿದರು. ಸಿಕ್ಕ ಮೇಲೆ ಹಲವು ವಿಚಾರಣೆ, ಜೈಲು; 1913ರಲ್ಲಿ ಗವರ್ನರ್ ಕ್ಷಮಾದಾನ.

ಈ ಘಟನೆಗೆ ಎರಡು ಬಗೆಯ ದಾಖಲೆಗಳಿವೆ. ಒಂದು ಇಂಗ್ಲಿಷ್ ಪತ್ರಿಕೆಗಳದ್ದು, ಅಲ್ಲಿ ಅವನು ಕೊಲೆಗಾರ. ಇನ್ನೊಂದು ‘ಕೊರಿಡೊ’, ಗಡಿಸೀಮೆಯ ಹಾಡುಗತೆ, ಅಲ್ಲಿ ಅವನು ಕೈಯಲ್ಲಿ ಪಿಸ್ತೂಲು ಹಿಡಿದ ವೀರ. ಕೊರಿಡೊ ಏನೆಂದು ಕನ್ನಡಿಗರಿಗೆ ವಿವರಿಸುವುದು ಸುಲಭ: ಹಲಗಲಿಯ ಬೇಡರ ಲಾವಣಿ ನೆನೆಸಿಕೊಳ್ಳಿ. ಸರ್ಕಾರದ ಕಡತ ಒಂದು ಹೇಳಿದರೆ ಲಾವಣಿ ಇನ್ನೊಂದು ಹೇಳುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ಅಮೆರಿಕೊ ಪರೇಡೆಸ್ 1958ರಲ್ಲಿ ಈ ಹಾಡಿನ ಪಾಠಾಂತರಗಳನ್ನೂ ಕೋರ್ಟಿನ ದಾಖಲೆಗಳನ್ನೂ ಒಟ್ಟಿಗೆ ಓದಿ ಪುಸ್ತಕ ಬರೆದರು. ಚಿಕಾನೊ ಅಧ್ಯಯನ ಎಂಬ ವಿಭಾಗವೇ ಇಲ್ಲದ ಕಾಲವದು. ಆದರೆ ವಿಧಾನ ಅಲ್ಲೇ ಸಿದ್ಧವಾಗಿತ್ತು.

ಇಲ್ಲೊಂದು ಎಚ್ಚರಿಕೆ. ಲಾವಣಿ ಜನರದ್ದು, ಹಾಗಾಗಿ ಅದೇ ನಿಜ ಎಂದು ಹೊರಟುಬಿಡುವ ಚಟ ಹೊಸಬರಿಗೆ ಬಹಳ. ಹಾಡಿನಲ್ಲಿ ಬರುವ ಬೆನ್ನಟ್ಟಿದವರ ಸಂಖ್ಯೆ ಪಾಠಾಂತರದಿಂದ ಪಾಠಾಂತರಕ್ಕೆ ಏರುತ್ತದೆ. ಹಾಡಿನಿಂದ ತಿಳಿಯುವುದು ಎಷ್ಟು ಜನ ಬೆನ್ನಟ್ಟಿದರು ಎಂಬುದಲ್ಲ, ಎಷ್ಟು ಜನ ಬೆನ್ನಟ್ಟಿದಂತೆ ಅನಿಸಿತು ಎಂಬುದು.

ವಿಭಾಗಗಳು ಹುಟ್ಟಿದ ಬಗೆ

‘ಲ್ಯಾಟಿನ್ ಅಮೆರಿಕ ಅಧ್ಯಯನ’ ಮತ್ತು ‘ಲ್ಯಾಟಿನೊ ಅಧ್ಯಯನ’ ಒಂದೇ ಅಲ್ಲ. ಮೊದಲನೆಯದು ಗಡಿಯಾಚೆಯ ದೇಶಗಳನ್ನು ನೋಡುತ್ತದೆ. ಶೀತಲ ಸಮರದ ಕಾಲದಲ್ಲಿ, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯ ಹಣ ಅದಕ್ಕೆ ನೀರೆರೆಯಿತು. ಎರಡನೆಯದು ಅಮೆರಿಕದ ಒಳಗಿರುವ ಸಮುದಾಯಗಳದ್ದು, ಮತ್ತು ಅದು ಬಂದದ್ದು ಮುಷ್ಕರದಿಂದ.

1968ರ ಮಾರ್ಚಿನಲ್ಲಿ ಪೂರ್ವ ಲಾಸ್ ಏಂಜಲೀಸಿನ ಹೈಸ್ಕೂಲುಗಳಿಂದ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ ಬೇಡ, ಪಠ್ಯದಲ್ಲಿ ನಮ್ಮ ಚರಿತ್ರೆ ಬೇಕು, ಎರಡೂ ಭಾಷೆ ಬಲ್ಲ ಮೇಷ್ಟ್ರು ಬೇಕು ಎಂಬುವು ಅವರ ಬೇಡಿಕೆಗಳಲ್ಲಿ ಕೆಲವು. ಹದಿಮೂರು ಜನರ ಮೇಲೆ ಒಳಸಂಚಿನ ಆರೋಪ ಬಿತ್ತು, ಮುಂದೆ ಅದು ಕೋರ್ಟಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ಲಾಸ್ ಏಂಜಲೀಸಿನ ರಾಜ್ಯ ಕಾಲೇಜಿನಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ಶುರುವಾಯಿತು. ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕಪ್ಪು, ಲ್ಯಾಟಿನೊ, ಏಷ್ಯನ್, ಮೂಲನಿವಾಸಿ ವಿದ್ಯಾರ್ಥಿಗಳೆಲ್ಲ ಒಂದೇ ಚಪ್ಪರದಡಿ ಬಂದ ಆ ಮುಷ್ಕರ ನಾಲ್ಕೂವರೆ ತಿಂಗಳು ಎಳೆದು 1969ರ ಮಾರ್ಚಿನಲ್ಲಿ ಮುಗಿಯಿತು. 1969ರ ಏಪ್ರಿಲಿನಲ್ಲಿ ಸಾಂತಾ ಬಾರ್ಬರಾದಲ್ಲಿ ಸೇರಿದ ಸಮಾವೇಶ ಈ ವಿಷಯಕ್ಕೊಂದು ನೀಲನಕ್ಷೆ ಬರೆಯಿತು: ವಿಭಾಗಕ್ಕೆ ಸ್ವಂತ ಅಧ್ಯಾಪಕರು, ಸ್ವಂತ ಬಜೆಟ್, ಊರಿನೊಂದಿಗೆ ನೇರ ನಂಟು. ಈಗಲೂ ಪಠ್ಯಕ್ರಮದಲ್ಲಿ ಊರೊಳಗಿನ ಕೆಲಸಕ್ಕೆ ಕಡ್ಡಾಯ ಗಂಟೆಗಳಿದ್ದರೆ ಅದರ ಬೇರು ಅಲ್ಲಿದೆ. ನ್ಯೂಯಾರ್ಕಿನಲ್ಲಿ ಸಮಾನಾಂತರವಾಗಿ ಪೋರ್ಟೊ ರಿಕೊ ಅಧ್ಯಯನ ಬೆಳೆಯಿತು. ಹಂಟರ್ ಕಾಲೇಜಿನ ಕೇಂದ್ರ 1973ರದ್ದು.

ಸ್ವಂತ ಬಜೆಟ್ ಎಂಬುದು ಸಣ್ಣ ಮಾತಲ್ಲ. ‘ಕಾರ್ಯಕ್ರಮ’ ಎಂದರೆ ಚರಿತ್ರೆ, ಸಮಾಜಶಾಸ್ತ್ರ ವಿಭಾಗಗಳಿಂದ ಅಧ್ಯಾಪಕರನ್ನು ಕಡ ತಂದು ನಡೆಸುವುದು. ‘ವಿಭಾಗ’ ಎಂದರೆ ನೇಮಕಾತಿಯ ಹಕ್ಕು ಇರುವುದು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಈ ಒಂದು ವ್ಯತ್ಯಾಸಕ್ಕಾಗಿ 1993ರಲ್ಲಿ 14 ದಿನ ಉಪವಾಸ ನಡೆಯಿತು. ಪೂರ್ಣ ವಿಭಾಗದ ಸ್ಥಾನ ಸಿಕ್ಕಿದ್ದು 2005ರಲ್ಲಿ.

ಒಳಗಿನಿಂದಲೂ ಜಗಳವಿತ್ತು. ಮೊದಲ ತಲೆಮಾರಿನ ಪಠ್ಯ ಗಂಡಸರ ಕಥೆಯೇ ಆಗಿತ್ತೆಂದು ಚಿಕಾನಾ ಸ್ತ್ರೀವಾದಿಗಳು ಹರಿಹಾಯ್ದರು. ಎಷ್ಟೋ ವಿಭಾಗಗಳ ಹೆಸರಿಗೆ ‘ಚಿಕಾನಾ’ (ಚಿಕಾನೊದ ಸ್ತ್ರೀಲಿಂಗ ರೂಪ) ಸೇರಿದ್ದು ಆ ಮೇಲೆ. ಸಾಲ್ವಡೋರ್, ಗ್ವಾಟೆಮಾಲಾ ಮೂಲದ ಮಕ್ಕಳು ‘ಇದರಲ್ಲಿ ನಾವೆಲ್ಲಿ?’ ಎಂದು ಕೇಳಿದ್ದರಿಂದ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಮಧ್ಯ ಅಮೆರಿಕ ಅಧ್ಯಯನ ಬೇರೆಯಾಗಿ ನಿಂತಿತು. ಹೊರಗಿನ ಏಟಿಗೆ ಅರಿಜೋನಾ ಉದಾಹರಣೆ: 2010ರ ರಾಜ್ಯ ಕಾನೂನಿನ ಬಲದಲ್ಲಿ ಟೂಸಾನ್ ಶಾಲೆಗಳ ಮೆಕ್ಸಿಕನ್ ಅಮೆರಿಕನ್ ಪಾಠಗಳನ್ನು 2012ರ ಜನವರಿಯಲ್ಲಿ ನಿಲ್ಲಿಸಿ ಪುಸ್ತಕಗಳನ್ನು ಡಬ್ಬ ತುಂಬಿದರು, 2017ರಲ್ಲಿ ಫೆಡರಲ್ ನ್ಯಾಯಾಧೀಶರು ಆ ನಿಷೇಧ ಜನಾಂಗದ್ವೇಷದಿಂದ ಹುಟ್ಟಿದ್ದು, ಸಂವಿಧಾನಬಾಹಿರ ಎಂದರು.

ಕೋರ್ಸ್ ಹಿಡಿಯುವಾಗ

ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಈ ವಿಷಯ ಈಗ ತಪ್ಪಿದ್ದಲ್ಲ. (ಊರ ಹೆಸರನ್ನು ‘ಜೋಸ್’ ಎನ್ನದೆ ‘ಹೋಸೆ’ ಎನ್ನುವುದೇ ಇಲ್ಲಿನ ಮೊದಲ ಪಾಠ.) 2020ರ ಕಾನೂನಿನಂತೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವ ಕ್ಯಾಂಪಸ್ಸಿನಲ್ಲೇ ಆಗಲಿ, 2021–22ರಿಂದ ಪದವಿಗೆ ಸೇರಿದವರು 3 ಯುನಿಟ್‌ಗಳ ಜನಾಂಗೀಯ ಅಧ್ಯಯನ ಕೋರ್ಸ್ ಮುಗಿಸಲೇಬೇಕು. ಆಯ್ಕೆ ನಾಲ್ಕು: ಮೂಲನಿವಾಸಿ, ಆಫ್ರಿಕನ್ ಅಮೆರಿಕನ್, ಏಷ್ಯನ್ ಅಮೆರಿಕನ್, ಲ್ಯಾಟಿನೊ. ಇಂಜಿನಿಯರಿಂಗ್ ವಿದ್ಯಾರ್ಥಿಗೂ ಇದು ಅನ್ವಯ. ಎಂ.ಎಸ್. ಮಾಡಲು ಹೋದವರಿಗೆ ಇಲ್ಲ.

ಮೂರೇ ಯುನಿಟ್ ಎಂದು ಹಗುರವಾಗಿ ತೆಗೆದುಕೊಳ್ಳುವವರು ಲೆಕ್ಕ ಹಾಕಬೇಕು. ಒಂದು ಯುನಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಓದು. ಮೂರಕ್ಕೆ ಒಂಬತ್ತು ಗಂಟೆ, 15 ವಾರಕ್ಕೆ 135 ಗಂಟೆ. ಕ್ವಾರ್ಟರ್ ಪದ್ಧತಿಯಲ್ಲಿ ಎಲ್ಲವೂ 10 ವಾರಕ್ಕೆ ಅಡಕವಾಗುವುದರಿಂದ ಮೂರನೆಯ ವಾರದ ಜ್ವರ ಇಡೀ ಕೋರ್ಸನ್ನು ಮುಳುಗಿಸಬಲ್ಲದು. ಕೈಬಿಡುವ ಕೊನೆಯ ದಿನಾಂಕವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಮೇಜರ್ (ಪದವಿಯ ಮುಖ್ಯ ವಿಷಯ) ಆಗಿ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಪರಿಚಯ, ಚರಿತ್ರೆ, ಸಾಹಿತ್ಯ ಅಥವಾ ಕಲೆ, ಸಂಶೋಧನಾ ವಿಧಾನ, ಊರಿನ ಸಂಸ್ಥೆಯೊಂದರಲ್ಲಿ ಕೆಲಸ, ಕೊನೆಗೆ ಸೆಮಿನಾರ್, ಹೀಗೆ ಸಾಗುತ್ತಾರೆ. ವಿಧಾನದ ಕೋರ್ಸನ್ನು ಕೊನೆಯ ವರ್ಷಕ್ಕೆ ತಳ್ಳುವುದೇ ಹೆಚ್ಚಿನವರು ಮಾಡುವ ತಪ್ಪು. ಅದನ್ನು ಎರಡನೆಯ ವರ್ಷವೇ ಮುಗಿಸಿದರೆ ಉಳಿದ ಪ್ರತಿ ಪ್ರಬಂಧವೂ ಸಲೀಸು. ಸ್ಪ್ಯಾನಿಷ್‌ಗೆ ಎರಡು ಸಾಲು ಇರುತ್ತವೆ: ಹೊಸದಾಗಿ ಕಲಿಯುವವರಿಗೆ ಒಂದು, ಮನೆಯಲ್ಲಿ ಕೇಳಿ ಬೆಳೆದು ಬರೆಯಲು ಬಾರದವರಿಗೆ ಇನ್ನೊಂದು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ ಎನ್ನುವ ಅಮೆರಿಕದ ನಮ್ಮ ಮಕ್ಕಳ ಸ್ಥಿತಿಯೇ ಆ ಎರಡನೆಯ ಸಾಲಿನದು.

ಒಂದು ಪ್ರಬಂಧ, ಒಂದು ಬೀದಿ

‘ಲ್ಯಾಟಿನೊಗಳ ಮೇಲಿನ ತಾರತಮ್ಯ’ ಎಂಬ ತಲೆಬರಹದಲ್ಲಿ ಹತ್ತು ಪುಟ ಬರೆದರೆ ಬರುವುದು ಬರೀ ಘೋಷಣೆ. ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಬಡಾವಣೆಯ ಎರಡು ಬೀದಿ, 1930ರಿಂದ 1950, ಇಷ್ಟು ಸಾಕು.

ಮೊದಲು ಬೀದಿ ಹೆಸರಿನಿಂದ ಗಣತಿ ವಲಯದ ಸಂಖ್ಯೆ ಕಂಡುಹಿಡಿಯಬೇಕು. ಹಾಳೆಗಳು ಜೋಡಣೆಯಾಗಿರುವುದು ವಲಯದ ಪ್ರಕಾರ, ಹೆಸರಿನ ಪ್ರಕಾರ ಅಲ್ಲ. ಅಮೆರಿಕದಲ್ಲಿ ಮನೆಮನೆಯ ಗಣತಿ ಹಾಳೆಗಳು 72 ವರ್ಷ ಮುಚ್ಚಿರುತ್ತವೆ. 1930, 1940, 1950ರವು ಈಗ ತೆರೆದಿವೆ, ಮನೆಯಲ್ಲೇ ಕುಳಿತು ನೋಡಬಹುದು. ಹೆಸರಿನಿಂದ ಹುಡುಕಿದರೆ ಅರ್ಧಕ್ಕರ್ಧ ಕೈತಪ್ಪುತ್ತವೆ. ಯಾಕೆಂದರೆ ಗಣತಿದಾರರು ಕಿವಿಗೆ ಬಿದ್ದಂತೆ ಬರೆದಿದ್ದಾರೆ: ಹೆಸುಸ್ ಒಂದು ಕಡೆ ‘ಜೆ’ಯಿಂದ, ಇನ್ನೊಂದು ಕಡೆ ‘ಎಚ್’ನಿಂದ, ಇಬಾರಾ ಒಮ್ಮೆ ‘ಐ’, ಒಮ್ಮೆ ‘ವೈ’. ಸ್ಪ್ಯಾನಿಷ್ ಪದ್ಧತಿಯಲ್ಲಿ ಒಬ್ಬರಿಗೆ ಎರಡು ಉಪನಾಮ, ಮೊದಲು ತಂದೆಯದು, ಆಮೇಲೆ ತಾಯಿಯದು. ಇಂಗ್ಲಿಷ್ ಗುಮಾಸ್ತ ಕೊನೆಯದನ್ನೇ ಮನೆತನದ ಹೆಸರೆಂದು ದಾಖಲಿಸಿ, ಗಾರ್ಸಿಯಾ ಲೋಪೆಸ್ ಎಂಬವರನ್ನು ಲೋಪೆಸ್ ಮಾಡಿಬಿಡುತ್ತಾನೆ. ಎರಡೂ ಹೆಸರಲ್ಲಿ ಹುಡುಕಿ.

ಮುಂದಿನದು 1930ರ ‘ಮೆಕ್ಸ್’ ಗುರುತಿನ ನಿಯಮ. ಮೆಕ್ಸಿಕೊದಲ್ಲಿ ಹುಟ್ಟಿದವರು ಅಥವಾ ಅಪ್ಪ ಅಮ್ಮ ಅಲ್ಲಿ ಹುಟ್ಟಿದವರು, ಮತ್ತು ಬಿಳಿಯರೆಂದು ಖಚಿತವಾಗಿ ಹೇಳಲಾಗದವರು, ಎಂದಿತ್ತು ಸೂಚನೆ. ಅಂದರೆ ಮೂರು ತಲೆಮಾರಿನಿಂದ ಅಮೆರಿಕದಲ್ಲೇ ಇದ್ದವರು ಈ ಲೆಕ್ಕದಲ್ಲಿಲ್ಲ. ಆ ವರ್ಷ ಎಣಿಕೆಯಾದ 14 ಲಕ್ಷ ‘ಮೆಕ್ಸಿಕನ್ನರು’ ಆ ಸಮುದಾಯದ ಪೂರ್ತಿ ಸಂಖ್ಯೆಯಲ್ಲ. ಮೆಕ್ಸಿಕೊ ಸರ್ಕಾರವೂ ಅಮೆರಿಕದೊಳಗಿನ ಸಂಘಟನೆಗಳೂ ಗಲಾಟೆ ಮಾಡಿದ ಮೇಲೆ 1940ರಲ್ಲಿ ಗುರುತು ಮಾಯವಾಯಿತು. ಬಿಳಿಯರು ಎಂದು ಬರೆಸಿಕೊಳ್ಳಲು ಯಾಕಿಷ್ಟು ಹೋರಾಟ? ಪೌರತ್ವ, ಮದುವೆ, ಶಾಲೆ ಎಲ್ಲಕ್ಕೂ ಆ ಅಕ್ಷರವೇ ಕೀಲಿ. ಹಾಗೆಂದು ಕೀಲಿ ಎಲ್ಲ ಬಾಗಿಲನ್ನೂ ತೆರೆಯಲಿಲ್ಲ: ಕಾಗದದಲ್ಲಿ ‘ಡಬ್ಲ್ಯು’ ಇದ್ದ ಮಕ್ಕಳನ್ನೇ ಆರೆಂಜ್ ಕೌಂಟಿಯ ಶಾಲೆಗಳು ಬೇರೆ ಕಟ್ಟಡಕ್ಕೆ ಕಳಿಸುತ್ತಿದ್ದವು. 1946ರ ಮೆಂಡೆಸ್ ಮೊಕದ್ದಮೆಯ ತೀರ್ಪು ಅದನ್ನು ತಡೆಯಿತು, 1947ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮೂರನೆಯ ಕಾಗದ, 1930ರ ದಶಕದ, ಫೆಡರಲ್ ಸರ್ಕಾರದ ಗೃಹಸಾಲ ನಿಗಮದ ಬಣ್ಣದ ನಕ್ಷೆ. ಬಾಯ್ಲ್ ಹೈಟ್ಸ್ ಅದರಲ್ಲಿ ಕೆಂಪು, ಸಾಲಕ್ಕೆ ಅತಿ ಅಪಾಯದ ದರ್ಜೆ. ನಕ್ಷೆಯ ಜೊತೆ ಬಡಾವಣೆಯ ವಿವರಣೆಯ ಫಾರಂ ಇರುತ್ತದೆ, ಬಣ್ಣಕ್ಕಿಂತ ಅದನ್ನೇ ಓದಬೇಕು. ‘ಕೆಂಪು ಗೆರೆಯಿಂದಲೇ ಬಡತನ ಬಂತು’ ಎಂದು ಒಂದೇ ನೆಗೆತಕ್ಕೆ ಹಾರಬೇಡಿ. ನಕ್ಷೆ ಬರುವ ಮೊದಲೇ ಬ್ಯಾಂಕುಗಳು ಕೈಬಿಗಿ ಹಿಡಿದಿದ್ದವು. ಇನ್ನೊಂದು ಬಲೆ: ಅಲ್ಲಿ ಆಗ ಯಹೂದಿ, ಜಪಾನಿ ಕುಟುಂಬಗಳೂ ಇದ್ದವು. 1942ರಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಿದರು. 1940ರಿಂದ 1950ಕ್ಕೆ ಮೆಕ್ಸಿಕನ್ ಕುಟುಂಬಗಳ ಪ್ರಮಾಣ ಏರಿದ್ದರೆ, ಹೊಸಬರು ಬಂದದ್ದು ಎಷ್ಟು, ಇದ್ದವರನ್ನು ಎಬ್ಬಿಸಿದ್ದು ಎಷ್ಟು ಎಂದು ಬಿಡಿಸಿ ನೋಡಬೇಕು. 1926ರಿಂದ ಬರುತ್ತಿರುವ ‘ಲಾ ಒಪಿನಿಯೋನ್’ ದಿನಪತ್ರಿಕೆ ಕೈಗೆ ಸಿಕ್ಕರೆ ಅದೇ ಬೀದಿಯ ಬಗ್ಗೆ ಸ್ಪ್ಯಾನಿಷಿನಲ್ಲಿ ಏನು ಬಂತೆಂದು ಹುಡುಕಿ.

ಸಂದರ್ಶನ ಮಾಡುವುದಾದರೆ

ಮೊದಲು ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಸಮಿತಿಯನ್ನು ಕೇಳಿ; ಮೌಖಿಕ ಚರಿತ್ರೆಗೆ ಕೆಲವು ಕಡೆ ವಿನಾಯಿತಿ ಇದೆ, ಎಲ್ಲ ಕಡೆ ಇಲ್ಲ. ವಲಸೆಯ ಕಾನೂನು ಸ್ಥಿತಿ ಕೇಳಬೇಡಿ. ಅವರಾಗಿಯೇ ಹೇಳಿದರೆ ರೆಕಾರ್ಡರ್ ನಿಲ್ಲಿಸಿ. ಒಮ್ಮೆ ಕಡತದಲ್ಲಿ ಬಿದ್ದದ್ದನ್ನು ಕೋರ್ಟ್ ಆದೇಶ ಹೊರಗೆಳೆಯಬಹುದು, ನಿಮ್ಮ ಒಳ್ಳೆಯ ಉದ್ದೇಶ ಅಲ್ಲಿ ಅಡ್ಡ ನಿಲ್ಲುವುದಿಲ್ಲ. ಹಿರಿಯರಿಗೆ ‘ತು’ ಎನ್ನಬಾರದು, ‘ಉಸ್ತೆದ್’. ನೀನು–ನೀವು ಗೊತ್ತಿರುವವರಿಗೆ ಇದು ನಾಲಗೆಗೆ ತಾನೇ ಬರುತ್ತದೆ. ಹೆಸರಿನ ಮುಂದೆ ದೋನ್, ದೋನ್ಯಾ ಸೇರಿಸಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ಎರಡು ಭಾಷೆ ಬೆರೆತಿದ್ದರೆ ಇನ್ನೂ ಹೆಚ್ಚು. ಇಂಗ್ಲಿಷ್ ನಡುವೆ ನುಸುಳಿದ ಸ್ಪ್ಯಾನಿಷನ್ನು ತಿದ್ದಬೇಡಿ, ಅನುವಾದಿಸಿ ಮರೆಸಲೂ ಬೇಡಿ. ಯಾವ ಮಾತಿಗೆ ಯಾವ ಭಾಷೆ ಬಂತು ಎಂಬುದೇ ಮಾಹಿತಿ.

ಹೊಲದ ಕೆಲಸದವರನ್ನು ಕೇಳುವಾಗ ಉಪಕರಣದಿಂದ ಶುರು ಮಾಡಿದರೆ ಮಾತು ಹರಿಯುತ್ತದೆ. ‘ಎಲ್ ಕೊರ್ತಿತೊ’ ಎಂಬ ಗಿಡ್ಡ ಹಿಡಿಯ ಗುದ್ದಲಿ ಹಿಡಿದವರು ದಿನವಿಡೀ ಸೊಂಟ ಬಗ್ಗಿಸಿಯೇ ಇರಬೇಕಿತ್ತು. ನೆಟ್ಟಗೆ ನಿಂತವರು ಕೆಲಸ ಮಾಡುತ್ತಿಲ್ಲ ಎಂದು ಮೇಸ್ತ್ರಿಗೆ ದೂರದಿಂದಲೇ ತಿಳಿಯುತ್ತಿತ್ತು. ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿದ್ದು 1975ರಲ್ಲಿ. 1942ರಿಂದ 1964ರವರೆಗಿನ ಬ್ರಸೇರೊ ಯೋಜನೆಯಡಿ 46 ಲಕ್ಷ ಕರಾರುಗಳ ಮೇಲೆ ಮೆಕ್ಸಿಕೊದ ಗಂಡಸರು ಇಂಥ ಹೊಲಗಳಿಗೆ ಬಂದರು (ಒಬ್ಬನೇ ಹಲವು ಬಾರಿ ಬಂದದ್ದರಿಂದ ಇದು ತಲೆ ಎಣಿಕೆಯಲ್ಲ, ಕರಾರಿನ ಎಣಿಕೆ). ಆ ಯೋಜನೆ ಮುಗಿದ ಮರುವರ್ಷ, 1965ರಲ್ಲಿ, ಹೊಸ ವಲಸೆ ಕಾನೂನು ಬಂತು. ಕರ್ನಾಟಕದ ಡಾಕ್ಟರು, ಇಂಜಿನಿಯರುಗಳಿಗೆ ಅಮೆರಿಕದ ಬಾಗಿಲು ತೆರೆದದ್ದು ಅದೇ ಕಾನೂನು. ಪಶ್ಚಿಮ ಗೋಳಾರ್ಧದಿಂದ ಬರುವವರಿಗೆ ವರ್ಷಕ್ಕೆ 1.2 ಲಕ್ಷದ ಮಿತಿಯನ್ನು ಮೊದಲ ಬಾರಿಗೆ ಹೇರಿದ್ದೂ ಅದೇ. ಅದೇ ಹೊಲ, ಅದೇ ಕೂಲಿ. ಕರಾರು ಮಾತ್ರ ಇಲ್ಲ. ‘ಅಕ್ರಮ’ ಎಂಬ ಪದ ದೊಡ್ಡ ಪ್ರಮಾಣದಲ್ಲಿ ಅಂಟಿಕೊಂಡದ್ದು ಆ ನಂತರ.

ಇಂಪೀರಿಯಲ್ ವ್ಯಾಲಿಯ ಹಾಳೆ

ಭಾರತದ ಓದುಗರು ಅಭ್ಯಾಸಕ್ಕೆಂದು ಒಂದು ಹಾಳೆ ಆರಿಸಿಕೊಳ್ಳುವುದಾದರೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿಯದನ್ನು ತೆರೆಯಲಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿನ ಗಂಡಸರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಬಿಳಿಯರೊಂದಿಗೆ ಇತರರ ಮದುವೆಗೆ ಅಡ್ಡಿ ಹಾಕುತ್ತಿದ್ದ ರಾಜ್ಯದಲ್ಲಿ, ಇಬ್ಬರ ಮೈಬಣ್ಣವೂ ಹೊಂದುತ್ತದೆಂದು ಕೌಂಟಿ ಗುಮಾಸ್ತರು ಪರವಾನಗಿ ಕೊಟ್ಟುಬಿಡುತ್ತಿದ್ದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದ ಮೇಲೆ ಅವರಿಗೆ ಜಮೀನು ಕೊಳ್ಳಲೂ ಗೇಣಿಗೆ ಹಿಡಿಯಲೂ ಆಗದಾಯಿತು; ಅಲ್ಲಿ ಹುಟ್ಟಿದ ಮಕ್ಕಳ ಹೆಸರಿಗೆ ಬರೆಸಿದವರಿದ್ದಾರೆ.

1930ರ ಹಾಳೆಯಲ್ಲಿ ಅಪ್ಪನ ಮುಂದೆ ‘ಹಿನ್’, ಅಂದರೆ ಹಿಂದೂ. ಆತ ಸಿಖ್ಖನೋ ಮುಸಲ್ಮಾನನೋ ಆಗಿದ್ದರೂ ಅಷ್ಟೇ. ಅಮ್ಮನ ಮುಂದೆ ‘ಮೆಕ್ಸ್’. ಬಿಳಿಯರಲ್ಲದ ಇಬ್ಬರ ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನ ಜನಾಂಗ ಎಂಬ ನಿಯಮದಂತೆ ಕಾರ್ಮೆನ್, ಹೋಸೆ ಎಂಬ ಹೆಸರಿನ ಮಕ್ಕಳೂ ‘ಹಿನ್’. 1940ರಲ್ಲಿ ಅಮ್ಮ ‘ಡಬ್ಲ್ಯು’ ಆಗಿರುತ್ತಾಳೆ, ಮಕ್ಕಳು ಆಗಿರುವುದಿಲ್ಲ. 1950ರ ಫಾರಂನಲ್ಲಿ ‘ಹಿಂದೂ’ ಎಂಬ ಆಯ್ಕೆಯೇ ಇಲ್ಲ, ಅಲ್ಲಿ ಆ ಮಕ್ಕಳಿಗೆ ಗಣತಿದಾರರು ಏನು ಬರೆದರೆಂಬುದನ್ನು ಮನೆಯಿಂದ ಮನೆಗೆ ನೋಡುತ್ತ ಹೋಗಬೇಕು. ಮುಂದಿನ ಹಾಳೆಗಳು, 1960ರವು, 2032ರ ಏಪ್ರಿಲಿನಲ್ಲಿ ತೆರೆಯುತ್ತವೆ.